ಮಂತ್ರದ ಗಾಡಿಗೆ ಸಾರಥಿ ಬೇಕೆ?

ಹೋದ ಬೇಸಿಗೆಯ ರಜದಲ್ಲಿ ಮಧುಗಿರಿಯ ನಮ್ಮ ಮನೆಯ ನಡುಮನೆಯಲ್ಲಿ ಒಂದು ಜಗಳವಾಯಿತು. ಜಗಳಕ್ಕೆ ಕಾರಣ ಒಂದು ಗಾಡಿ. ಆ ಗಾಡಿ ನಮ್ಮ ಅಂಗಳದಲ್ಲಿರಲಿಲ್ಲ, ಬೀದಿಯಲ್ಲಿರಲಿಲ್ಲ, ಲೋಕದಲ್ಲೆಲ್ಲಿಯೂ ಇರಲಿಲ್ಲ. ನನ್ನ ಮೊಮ್ಮಗ ಅದನ್ನು ಆಗತಾನೆ ಮನಸ್ಸಿನಲ್ಲಿ ಕಟ್ಟಿದ್ದ. ಇಲ್ಲದ ಗಾಡಿಗಾಗಿ ಅವನ ತಂಗಿ ಅತ್ತುಕೊಂಡು ಎದ್ದುಹೋದಳೆಂದರೆ ನಿಮಗೆ ನಗು ಬರಬಹುದು. ನನಗೂ ಬಂದಿತ್ತು. ರಾತ್ರಿ ಮಲಗಿದ ಮೇಲೆ ಯೋಚಿಸಿದಂತೆಲ್ಲ ಹುಡುಗಿ ಅತ್ತದ್ದು ಸರಿಯೆಂದೇ ತೋರಿತು. ಆ ಸಂಗತಿಯನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ. ಮನೆಯಲ್ಲಿ ಮಕ್ಕಳಿರುವವರಿಗೆ ಇದರಿಂದ ಏನಾದರೂ ಉಪಯೋಗವಾದೀತು.

ಆಟ ಯಾವುದೆಂದು ಮೊದಲು ಹೇಳಬೇಕು. ಬೆಂಗಳೂರಿನಿಂದ ರಜಕ್ಕೆ ಬರುವ ಮಕ್ಕಳು ಇದನ್ನು ಕಲಿತು ಬರುತ್ತಾರೆ. ಮಕ್ಕಳು ಚಾಪೆಯ ಮೇಲೆ ದುಂಡಗೆ ಕುಳಿತುಕೊಳ್ಳುತ್ತಾರೆ. ಅವರಲ್ಲೊಬ್ಬ ಕಥೆ ಹೇಳುವವನು. ಉಳಿದವರು ಒಂದೊಂದು ಪಾತ್ರವನ್ನು ವಹಿಸುತ್ತಾರೆ: ಒಬ್ಬ ಬಿಲ್ಲುಗಾರ, ಒಬ್ಬಳು ವೈದ್ಯಗಿತ್ತಿ, ಒಬ್ಬ ಮಂತ್ರವಾದಿ, ಹೀಗೆ. ಕಥೆಗಾರ ‘ಮುಂದೆ ಹೊಳೆ ಬಂತು, ಏನು ಮಾಡುತ್ತೀರಿ?’ ಎನ್ನುತ್ತಾನೆ. ಪಾತ್ರಧಾರಿಗಳು ತಮಗೆ ತೋಚಿದ ಉಪಾಯ ಹೇಳುತ್ತಾರೆ. ಉಪಾಯ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಇಂಥದೊಂದು ಆಟವನ್ನು ಅಚ್ಚು ಹಾಕಿಸಿದರು; ಅಲ್ಲಿಂದ ಅದು ಲೋಕವನ್ನೆಲ್ಲ ಸುತ್ತಿತು. ಇಪ್ಪತ್ತು ಮುಖದ ದಾಳವನ್ನು ಮೊಮ್ಮಗ ತಂದಿದ್ದ. ಎರಡನೆಯ ದಿನವೇ ಅದು ಎಲ್ಲಿಯೋ ಉರುಳಿ ಕಳೆದುಹೋಯಿತು. ಚೌಕಾಬಾರದ ನಾಲ್ಕು ಕವಡೆಗಳನ್ನು ಕೊಟ್ಟೆ. ಆಟಕ್ಕೇನೂ ಕುಂದಾಗಲಿಲ್ಲ.

ವೇಷ ಕಟ್ಟುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಸುಗ್ಗಿ ಮುಗಿದು ಜಾತ್ರೆಯ ಕಾಲ ಬಂತೆಂದರೆ ‘ಕುರುಕ್ಷೇತ್ರ’ದ ತಾಲೀಮು ಕೇಳದ ಹಳ್ಳಿ ಅಪರೂಪ. ಹಗಲೆಲ್ಲ ಹೊಲದಲ್ಲಿ ಕಡಲೆಕಾಯಿ ಕಿತ್ತವನು ರಾತ್ರಿ ಹಾರ್ಮೋನಿಯಂ ಮೇಷ್ಟರ ಮುಂದೆ ನಿಂತು ದುರ್ಯೋಧನನಾಗುತ್ತಾನೆ. ಆ ಪಾತ್ರಕ್ಕೆ ಅವನು ಕೈಯಿಂದ ಹಣ ಕೊಟ್ಟಿರುತ್ತಾನೆಂಬುದು ಹೊರಗಿನವರಿಗೆ ಆಶ್ಚರ್ಯ, ನಮಗಲ್ಲ. ಭೇದವಿಷ್ಟೆ: ಅಲ್ಲಿ ಕರ್ಣ ಸಾಯುತ್ತಾನೆಂಬುದು ಎಲ್ಲರಿಗೂ ಮೊದಲೇ ಗೊತ್ತು. ಈ ಹೊಸ ಆಟದಲ್ಲಿ ಯಾರು ಸಾಯುತ್ತಾರೆ, ಯಾರು ಗೆಲ್ಲುತ್ತಾರೆಂಬುದು ಕಥೆ ಹೇಳುವವನಿಗೂ ಗೊತ್ತಿರುವುದಿಲ್ಲ.

ಇನ್ನು ಜಗಳದ ಸಂಗತಿ. ಕಥೆ ಹೀಗಿತ್ತು: ಪಾವಗಡದಲ್ಲಿ ಒಬ್ಬ ಮುದುಕಿ ಹಾಸಿಗೆ ಹಿಡಿದಿದ್ದಾಳೆ. ಕೊರಟಗೆರೆಯ ಸಿದ್ಧರಬೆಟ್ಟದಿಂದ ಒಂದು ಬೇರನ್ನು ಕಿತ್ತು, ಹುಣ್ಣಿಮೆ ಕಳೆಯುವುದರೊಳಗೆ ಅವಳಿಗೆ ತಲುಪಿಸಬೇಕು. ಕೊರಟಗೆರೆಯಿಂದ ಮಧುಗಿರಿಗೆ ಸುಮಾರು ಇಪ್ಪತ್ತು ಕಿಲೋಮೀಟರು, ಅಲ್ಲಿಂದ ಪಾವಗಡಕ್ಕೆ ಅರವತ್ತರ ಆಚೀಚೆ. ಹೇರು ಹೊತ್ತ ಎತ್ತಿನ ಗಾಡಿಗೆ ಮೂರು ದಿನದ ಹಾದಿ. ಹಿಂದಿನ ಶತಮಾನ ಪೂರ್ತಿ ಕಳೆದರೂ ಈ ನಾಲ್ಕು ಊರುಗಳಿಗೆ ರೈಲು ಬರಲಿಲ್ಲವಾದ್ದರಿಂದ ನಮ್ಮ ಮಕ್ಕಳ ಕನಸಿನಲ್ಲಿ ಗಾಡಿಗೆ ಎಂದೂ ಮೊದಲ ಮಣೆ. ಕಿರಿಯವಳು, ಹನ್ನೊಂದು ವರ್ಷದವಳು, ‘ನಾನು ಗಾಡಿ ಹೊಡೆಯೋಳು’ ಎಂದು ಪಾತ್ರ ಆರಿಸಿಕೊಂಡಳು. ದೊಡ್ಡವನು ಮಂತ್ರವಾದಿ. ಅವನೆಂದ: ‘ನನ್ನ ಗಾಡಿಗೆ ಎತ್ತು ಬೇಡ, ಕುದುರೆ ಬೇಡ. ಮಂತ್ರದಿಂದ ತಾನೇ ಓಡುತ್ತೆ. ಗಾಳಿಗಿಂತ ಜೋರು. ಬೆಟ್ಟ ಅಡ್ಡ ಬಂದರೆ ತೂರಿಕೊಂಡು ಹೋಗುತ್ತೆ. ಬೆಂಕಿ ತಾಗೊಲ್ಲ, ನೀರು ತಾಗೊಲ್ಲ. ಹೊಡೆಯೋರೂ ಬೇಡ.’

‘ಹಾಗಾದ್ರೆ ನನಗೇನಣ್ಣ ಕೆಲಸ?’ ಎಂದಳು ಹುಡುಗಿ.

‘ನೀನು ಹಿಂದೆ ಕೂತ್ಕೊ.’

ಗಾಡಿ ಮೂರು ನಿಮಿಷದಲ್ಲಿ ಪಾವಗಡ ಸೇರಿತು. ಮುದುಕಿ ಎದ್ದು ಕುಳಿತಳು. ಕಥೆ ಮುಗಿಯಿತು. ಕವಡೆ ಒಂದು ಸಲವೂ ನೆಲಕ್ಕೆ ಬೀಳಲಿಲ್ಲ. ಪಕ್ಕದ ಮನೆಯ ಹುಡುಗ ಆಕಳಿಸಿದ. ಕಿರಿಯವಳು ಕವಡೆಗಳನ್ನು ಗೋಡೆಗೆ ಬೀಸಿ ಅಡುಗೆಮನೆಗೆ ಹೋದಳು.

ಮಾರನೆಯ ದಿನ ದೊಡ್ಡವನು ನನ್ನ ಹತ್ತಿರ ಬಂದು, ‘ತಾತ, ಮಂತ್ರದ ಗಾಡಿ ಅಂದಮೇಲೆ ಅದು ತಾನೇ ಓಡಬಾರದಾ? ಓಡಿಸೋರು ಬೇಕಾದರೆ ಅದು ಮಂತ್ರ ಹೇಗಾಯಿತು?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಮೇಷ್ಟರಾಗಿದ್ದ ನನಗೆ ಇಂಥ ಪ್ರಶ್ನೆ ಕೇಳುವ ಹುಡುಗರು ಮೂವತ್ತು ವರ್ಷದಲ್ಲಿ ಹೆಚ್ಚು ಸಿಕ್ಕಲಿಲ್ಲ.

ಅವನಿಗೆ ನಾನು ಹೇಳಿದ್ದು ಭಾರತದ ಕಥೆಗಳನ್ನೇ. ಮಂತ್ರದ ರಥಗಳು ಅಲ್ಲಿ ಬೇಕಾದಷ್ಟಿವೆ. ಆದರೆ ಆ ಕಥೆಯನ್ನು ಕಟ್ಟಿದವರು ಎಂಥ ಜಾಣರೆಂದರೆ, ರಥಕ್ಕೆ ಒಂದು ಶಕ್ತಿ ಕೊಟ್ಟರೆ ಆ ಶಕ್ತಿ ಎಲ್ಲಿ ಕೈಕೊಡುತ್ತದೆಂಬುದನ್ನೂ ಜೊತೆಗೇ ಇಟ್ಟಿದ್ದಾರೆ. ಧರ್ಮರಾಯನ ರಥ ನೆಲ ಮುಟ್ಟುತ್ತಿರಲಿಲ್ಲ. ನಾಲ್ಕು ಬೆರಳು ಮೇಲೆ ಓಡುತ್ತಿತ್ತು. ಅದನ್ನು ಎತ್ತಿ ಹಿಡಿದದ್ದು ಅವನ ಸತ್ಯ. ಅಶ್ವತ್ಥಾಮ ಸತ್ತನೆಂಬ ಅರೆಸುಳ್ಳು ಬಾಯಿಂದ ಬಿದ್ದದ್ದೇ ತಡ, ಗಾಲಿ ನೆಲಕ್ಕೆ ತಾಗಿತು. ರಥ ಮುರಿಯಲಿಲ್ಲ, ನಿಲ್ಲಲೂ ಇಲ್ಲ. ಎಲ್ಲರ ರಥದಂತೆ ಧೂಳಿನಲ್ಲಿ ಉರುಳಿಕೊಂಡು ಹೋಯಿತು. ಇಡೀ ಯುದ್ಧದಲ್ಲಿ ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸುವ ದೃಶ್ಯ ಇದು. ನಾಲ್ಕು ಬೆರಳು ಅಂದರೆ ಎಷ್ಟು? ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಅಷ್ಟೇ ಎತ್ತರದಿಂದ ಒಬ್ಬ ಮನುಷ್ಯ ಬಿದ್ದದ್ದು ಲೋಕಕ್ಕೆಲ್ಲ ಕಂಡಿತು.

ಅರ್ಜುನನ ರಥದ್ದು ಇನ್ನೊಂದು ಬಗೆ. ದ್ರೋಣರ ಅಸ್ತ್ರ, ಕರ್ಣನ ಅಸ್ತ್ರ ತಾಗಿ ಅದು ಎಂದೋ ಸುಟ್ಟುಹೋಗಬೇಕಾಗಿತ್ತು. ಯುದ್ಧವೆಲ್ಲ ಮುಗಿದ ಮೇಲೆ ಕೃಷ್ಣ, ‘ಮೊದಲು ನೀನು ಇಳಿ’ ಎಂದು ಅರ್ಜುನನನ್ನು ಇಳಿಸುತ್ತಾನೆ. ಆಮೇಲೆ ತಾನು ಇಳಿಯುತ್ತಾನೆ. ಧ್ವಜದ ಮೇಲಿನ ಕಪಿ ಮಾಯವಾಗುತ್ತದೆ. ರಥ ಕಣ್ಣೆದುರಿಗೇ ಉರಿದು ಬೂದಿಯಾಗುತ್ತದೆ. ಅಷ್ಟು ದಿನ ಅದನ್ನು ಉಳಿಸಿದ್ದವನು ಸಾರಥಿ. ಸಾಮಾನ್ಯವಾಗಿ ಇಳಿಯುವಾಗ ಸಾರಥಿ ಮೊದಲು ಇಳಿಯುವುದು ವಾಡಿಕೆ. ಆ ದಿನ ವಾಡಿಕೆ ತಪ್ಪಿದ್ದೇಕೆಂದು ಅರ್ಜುನನಿಗೆ ಆಗ ಅರ್ಥವಾಯಿತು.

‘ಸಾರಥಿ ದೇವರಾದರೆ ಸರಿ ತಾತ, ಇವಳೇನು ದೇವರಾ?’ ಎಂದ ಮೊಮ್ಮಗ. ತಂಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳೆಂಬುದು ಅವನಿಗೆ ತಿಳಿಯದು. ಆಗ ಶಲ್ಯನ ಕಥೆ ಹೇಳಿದೆ. ಕರ್ಣನಿಗೆ ಸಾರಥಿಯಾಗೆಂದು ದುರ್ಯೋಧನ ಕೇಳಿದಾಗ ಶಲ್ಯನಿಗೆ ಸಿಟ್ಟು ಉಕ್ಕುತ್ತದೆ. ಮದ್ರದೇಶದ ಅರಸನಾದ ನಾನು ಸೂತನ ಮಗನಿಗೆ ರಥ ಹೊಡೆಯಬೇಕೆ ಎಂದು ಎದ್ದು ಹೊರಡುತ್ತಾನೆ. ಅವನನ್ನು ಒಲಿಸಲು ದುರ್ಯೋಧನ ಹೇಳುವ ಕಥೆ ತ್ರಿಪುರದಹನದ್ದು. ತ್ರಿಪುರಗಳನ್ನು ಸುಡಲು ಶಿವ ಹೊರಟಾಗ ಭೂಮಿಯೇ ರಥವಾಯಿತು, ಸೂರ್ಯಚಂದ್ರರು ಗಾಲಿಗಳಾದರು, ವಿಷ್ಣು ಬಾಣವಾದ. ಇದಕ್ಕಿಂತ ದೊಡ್ಡ ಮಂತ್ರದ ಗಾಡಿಯನ್ನು ಯಾರು ಊಹಿಸಬಲ್ಲರು? ಆದರೂ ಅದು ತಾನಾಗಿ ಓಡಲಿಲ್ಲ. ಹಗ್ಗ ಹಿಡಿಯಲು ಬ್ರಹ್ಮನನ್ನು ಕರೆತಂದು ಕೂರಿಸಬೇಕಾಯಿತು. ಹೊಡೆಯುವವನು ಕುಳಿತವನಿಗಿಂತ ಕಡಮೆಯಲ್ಲ, ಹೆಚ್ಚು ಎಂದು ದುರ್ಯೋಧನ ವಾದಿಸಿದ. ದುರ್ಯೋಧನನ ಬಾಯಲ್ಲಿಯೂ ಒಮ್ಮೊಮ್ಮೆ ಸರಿಯಾದ ಮಾತು ಬರುತ್ತದೆ. ಶಲ್ಯ ಒಪ್ಪಿದ, ಒಪ್ಪಿ ಕರ್ಣನಿಗೆ ಮಾಡಿದ ಉಪಕಾರವೇನೆಂಬುದು ನಿಮಗೆಲ್ಲ ಗೊತ್ತೇ ಇದೆ.

ನಳನ ಕಥೆಯೂ ಈ ಆಟಕ್ಕೆ ಬಹಳ ಹತ್ತಿರದ್ದು. ಋತುಪರ್ಣ ರಾಜ ಒಂದೇ ದಿನದಲ್ಲಿ ನೂರು ಯೋಜನ ಹೋಗಬೇಕು. ಬಾಹುಕನ ವೇಷದಲ್ಲಿದ್ದ ನಳ ರಥ ಹೊಡೆಯುತ್ತಾನೆ. ದಾರಿಯಲ್ಲಿ ರಾಜನ ಉತ್ತರೀಯ ಗಾಳಿಗೆ ಹಾರಿ ಬೀಳುತ್ತದೆ. ನಿಲ್ಲಿಸು, ಎತ್ತಿಕೊಳ್ಳೋಣ ಎನ್ನುತ್ತಾನೆ ರಾಜ. ಅದು ಆಗಲೇ ಒಂದು ಯೋಜನ ಹಿಂದೆ ಉಳಿಯಿತು ಎನ್ನುತ್ತಾನೆ ನಳ! ವೇಗವನ್ನು ಹೇಳುವುದಕ್ಕೆ ಇದಕ್ಕಿಂತ ಚೊಕ್ಕವಾದ ಮಾತಿಲ್ಲ. ರಾಜನಿಗೂ ಒಂದು ವಿದ್ಯೆ ಉಂಟು. ತಾರೆಮರವೊಂದನ್ನು ನೋಡಿದೊಡನೆ ಅದರ ಎಲೆ ಕಾಯಿಗಳ ಲೆಕ್ಕ ಹೇಳುತ್ತಾನೆ. ನಳ ಇಳಿದು ಎಣಿಸಿ ನೋಡಿದರೆ ಲೆಕ್ಕ ಸರಿ. ಇಬ್ಬರೂ ವಿದ್ಯೆ ಬದಲಾಯಿಸಿಕೊಳ್ಳುತ್ತಾರೆ. ಕುದುರೆಯ ಹೃದಯ ರಾಜನಿಗೆ, ದಾಳದ ಹೃದಯ ನಳನಿಗೆ. ಹಿಂದೆ ಜೂಜಾಡುತ್ತಿದ್ದುದು ಈ ತಾರೆಕಾಯಿಗಳಿಂದಲೇ ಎಂಬುದನ್ನು ನೆನೆದರೆ, ಗಾಡಿಯೂ ದಾಳವೂ ಎಷ್ಟು ಹಿಂದಿನ ನೆಂಟರು ನೋಡಿ.

ಸಾರಥಿಯಿಲ್ಲದೆ ತಾನಾಗಿ ಓಡುವ ರಥ ನಮ್ಮ ಹಳೆಯ ಗ್ರಂಥಗಳಲ್ಲಿ ಇಲ್ಲವೇ ಇಲ್ಲವೆ? ಉಂಟು. ಜೈನರ ಭಗವತೀಸೂತ್ರದಲ್ಲಿ ಅದರ ಹೆಸರು ರಥಮುಸಲ. ವೈಶಾಲಿಯವರ ಮೇಲೆ ಯುದ್ಧಕ್ಕೆ ಹೋದ ಅಜಾತಶತ್ರುವಿಗೆ ಇಂದ್ರನ ಸಹಾಯದಿಂದ ಅದು ದೊರೆಯಿತು. ಕುದುರೆಯಿಲ್ಲ, ಸಾರಥಿಯಿಲ್ಲ, ಒಳಗೆ ಯೋಧನೂ ಇಲ್ಲ. ಒಂದು ಒನಕೆಯನ್ನು ಕಟ್ಟಿಕೊಂಡು ರಣರಂಗದಲ್ಲಿ ತಾನೇ ಓಡಾಡುತ್ತ ಎದುರು ಬಂದವರನ್ನೆಲ್ಲ ಜಜ್ಜುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಆ ರಥದ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ. ಅದಕ್ಕೆ ‘ಸಾಕು, ನಿಲ್ಲು’ ಎನ್ನುವವರು ಒಳಗೆ ಯಾರೂ ಇರಲಿಲ್ಲ.

ಇಲ್ಲೊಂದು ಮಾತು ನಡುವೆ ಹೇಳಿಬಿಡುತ್ತೇನೆ. ಇಂಥ ಕಥೆಗಳನ್ನು ಹೇಳಿದರೆ, ನಮ್ಮ ಹಿಂದಿನವರು ಇವನ್ನು ನಿಜವಾಗಿ ಮಾಡಿದ್ದರು ಎನ್ನುವವರು ಒಬ್ಬರಾದರೂ ಹುಟ್ಟಿಕೊಳ್ಳುತ್ತಾರೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಕೂಲಂಕಷವಾಗಿ ನೋಡಿ, ಅದು ೧೯೦೦ಕ್ಕೂ ೧೯೨೨ಕ್ಕೂ ನಡುವೆ ಹುಟ್ಟಿದ ಗ್ರಂಥವೆಂದೂ ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವೆಂದೂ ತಿಳಿಸಿದರು. ಅದೂ ೧೯೭೪ರಲ್ಲೇ, ಅಮೆರಿಕದಲ್ಲಿ ಆ ಆಟ ಅಚ್ಚಾದ ವರ್ಷವೇ. ಕಲ್ಪನೆಯನ್ನು ಕಲ್ಪನೆಯೆಂದು ತಿಳಿದೇ ಆಡಿದವರು ಲೋಕಕ್ಕೆ ಒಂದು ಆಟವನ್ನಾದರೂ ಕೊಟ್ಟರು.

ಮತ್ತೆ ಗಾಡಿಗೆ ಬರೋಣ. ನನ್ನ ಹುಡುಗತನದಲ್ಲಿ ಮಧುಗಿರಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ‘ಕುರುಕ್ಷೇತ್ರ’ ಆಡಿದರು. ಬಾಡಿಗೆಗೆ ಬಂದ ಸೀನರಿಯಲ್ಲಿ ಒಂದು ಗಾಲಿಯ ರಥವಿತ್ತು. ಮುಂದೆ ಹಲಗೆಯಲ್ಲಿ ಕೊರೆದು ಬಣ್ಣ ಬಳಿದ ಎರಡು ಬಿಳಿಯ ಕುದುರೆ. ರಥ ತಾನಾಗಿ ಬಂದಂತೆ ಕಾಣಬೇಕು. ಅದಕ್ಕಾಗಿ ಹಿಂದೆ ಬಟ್ಟೆಯ ಮರೆಯಲ್ಲಿ ಬಗ್ಗಿ ನೂಕಲು ಇಬ್ಬರು ಹುಡುಗರನ್ನು ಗೊತ್ತುಮಾಡಿದ್ದರು. ಅವರಲ್ಲಿ ನಾನೊಬ್ಬ. ನಮಗೆ ಕೊಟ್ಟ ಸಂಬಳ ಒಂದೊಂದು ಪೊಟ್ಟಣ ಖಾರದ ಪುರಿ. ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ಕೃಷ್ಣಾರ್ಜುನರನ್ನು ಹೊತ್ತ ರಥವನ್ನು ನೂಕಿಕೊಂಡು ಹೋಗುತ್ತಿದ್ದೆವು. ಅಟ್ಟದ ಹಲಗೆಗಳ ಸಂದಿಗೆ ಗಾಲಿ ಸಿಕ್ಕಿಕೊಂಡಿತು. ಸಿಕ್ಕಿಕೊಳ್ಳಬೇಕಾದದ್ದು ಕರ್ಣನ ರಥ, ಸಿಕ್ಕಿಕೊಂಡದ್ದು ಕೃಷ್ಣನದು. ‘ಬ್ರಾಹ್ಮಣನ ಶಾಪ ಮನೆ ತಪ್ಪಿ ಬಂತು!’ ಎಂದು ಜನರಲ್ಲಿ ಯಾರೋ ಕೂಗಿದರು. ಕೃಷ್ಣನ ಪಾತ್ರದವರು ಮುಖದ ಮೇಲಿನ ಮುಗುಳ್ನಗೆ ಕೆಡಿಸಿಕೊಳ್ಳದೆ, ‘ನೂಕ್ರೋ, ನೂಕ್ರೋ’ ಎಂದು ಹಲ್ಲಿನ ಸಂದಿಯಲ್ಲಿ ಅನ್ನುತ್ತಿದ್ದರು. ಮೇಷ್ಟರು ಹಾರ್ಮೋನಿಯಂ ಬಿಡದೆ ಬಾರಿಸಿ ಹೊತ್ತು ತುಂಬಿದರು. ನಾವಿಬ್ಬರೂ ಭುಜ ಕೊಟ್ಟು ಎತ್ತಿದ ಮೇಲೆ ರಥ ಚಲಿಸಿತು. ಚಪ್ಪಾಳೆ ಕೃಷ್ಣನಿಗೆ ಬಿತ್ತು. ಅಂದಿನಿಂದ ಯಾವುದಾದರೂ ತಾನಾಗಿ ಓಡುತ್ತದೆಂದು ಕೇಳಿದಾಗಲೆಲ್ಲ ನನ್ನ ಕಣ್ಣು ಬಟ್ಟೆಯ ಹಿಂದಕ್ಕೆ ಹೋಗುತ್ತದೆ.

ಈ ಆಟದವರು ೨೦೦೪ರಲ್ಲಿ ಕೀತ್ ಬೇಕರ್ ಎಂಬವರು ಕಟ್ಟಿದ ‘ಎಬೆರಾನ್’ ಎಂಬ ಕಾಲ್ಪನಿಕ ಲೋಕವೊಂದನ್ನು ಪ್ರಕಟಿಸಿದರು. ಅಲ್ಲಿ ಮಿಂಚಿನ ರೈಲು ಓಡುತ್ತದೆ. ಅದನ್ನು ಓಡಿಸುವುದು ಒಂದು ಭೂತ. ಭೂತವೆಂದರೆ ದೆವ್ವವಲ್ಲ, ಪಂಚಭೂತದ ಭೂತ. ಅದನ್ನು ಮಂತ್ರದಿಂದ ಹಿಡಿದು ಗಾಡಿಗೆ ಕಟ್ಟಿಹಾಕಿರುತ್ತಾರೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತಿರುವುದರಿಂದ ಕಥೆ ನಮಗೆ ಇನ್ನೂ ಚೆನ್ನಾಗಿ ಹಿಡಿಸುತ್ತದೆ. ಮೊಮ್ಮಗ ಇದನ್ನು ಬಹಳ ಉತ್ಸಾಹದಿಂದ ವಿವರಿಸಿದ. ‘ಆ ಭೂತಕ್ಕೆ ಅಲ್ಲಿರಲು ಇಷ್ಟ ಉಂಟೇನೋ?’ ಎಂದು ನಾನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಟದಲ್ಲೂ ಕೆಲವರು ಹಾಗೇ ಕೇಳ್ತಾರೆ ತಾತ’ ಎಂದ.

ಕೊನೆಗೆ ಮಕ್ಕಳಿಗೆ ನಾನೊಂದು ಕರಾರು ಹಾಕಿದೆ. ಯಾರು ಬೇಕಾದರೂ ಮಂತ್ರದ ಗಾಡಿ ಕಟ್ಟಲಿ. ಆದರೆ ಅದು ಎಲ್ಲಿ ನಿಲ್ಲುತ್ತದೆ, ಅದನ್ನು ಹೊಡೆಯುವವಳು ಏನು ಮಾಡಬೇಕು, ಈ ಎರಡನ್ನು ಮೊದಲೇ ಹೇಳಿಬಿಡಬೇಕು. ಮತ್ತೆ, ಗಾಡಿ ನಮ್ಮ ಊರಿನದಾಗಿರಬೇಕು, ಪುಸ್ತಕದ್ದು ಬೇಡ.

ಮೊದಲು ಕಟ್ಟಿದವಳು ಕಿರಿಯವಳೇ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೀವು ನೋಡಿರಬಹುದು. ಸಮುದ್ರಮಟ್ಟದಿಂದ ಸುಮಾರು ೩,೯೩೦ ಅಡಿ, ಒಂದೇ ಬಂಡೆ. ಊರಿಗೆ ಹೆಸರು ಬಂದದ್ದು ಜೇನಿನಿಂದ ಎನ್ನುತ್ತಾರೆ. ಅವಳ ಗಾಡಿ ಜೇನುಗಾಡಿ. ಗುಂಬದೊಳಗೆ ಹೆಜ್ಜೇನು ಕಟ್ಟಿದೆ. ಹುಳುಗಳು ರೆಕ್ಕೆ ಬಡಿದರೆ ಗಾಲಿ ತಿರುಗುತ್ತದೆ. ಯಾರಾದರೂ ದಾರಿಯಲ್ಲಿ ಬೀಡಿ ಹಚ್ಚಿದರೆ ನಿಂತಿತು. ಕತ್ತಲಾದರೆ ನಿಂತಿತು. ‘ಬೆಳದಿಂಗಳಲ್ಲಿ ಹೆಜ್ಜೇನು ಹಾರಾಡುವುದುಂಟು ಮಗು’ ಎಂದು ನಾನೊಂದು ಎಳೆ ಸೇರಿಸಿದೆ. ಅದು ನಿಜವೂ ಹೌದು. ಹಾಗಾದರೆ ಹುಣ್ಣಿಮೆಯ ರಾತ್ರಿ ಓಡುತ್ತೆ ಎಂದು ಕುಣಿದಳು. ಹೊಡೆಯುವವಳ ಕೆಲಸವೇನು? ಈ ಗಾಡಿ ರಸ್ತೆ ಹಿಡಿದು ಹೋಗುವುದಿಲ್ಲ, ಹೂವು ಹಿಡಿದು ಹೋಗುತ್ತದೆ. ಯಾವ ತೋಪಿನಲ್ಲಿ ಹೊಂಗೆ ಬಿಟ್ಟಿದೆ, ಯಾವ ಕೆರೆಯ ಏರಿಯ ಮೇಲೆ ಹುಣಸೆ ಹೂ ಬಿಟ್ಟಿದೆ, ಬೇವು ಉದುರಿತೇ ಇನ್ನೂ ಇದೆಯೇ, ಇದೆಲ್ಲ ಅವಳಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಜೇನು ಹಸಿದು, ಕುಳಿತವರನ್ನೇ ಕಚ್ಚುತ್ತದೆ. ಬೆಂಗಳೂರಿನಲ್ಲಿ ಬೆಳೆದ ಈ ಹುಡುಗಿ ಆ ವಾರವೆಲ್ಲ ನನ್ನನ್ನು ಎಳೆದುಕೊಂಡು ಊರ ಸುತ್ತಲಿನ ಮರಗಳ ಹೆಸರು ಕೇಳಿದಳು. ಕೆಲವು ನನಗೂ ಗೊತ್ತಿರಲಿಲ್ಲ. ಕುರಿ ಕಾಯುವವರನ್ನು ಕೇಳಿದೆವು.

ಪಕ್ಕದ ಮನೆಯ ಹುಡುಗನ ತಾಯಿಯ ತವರು ಶಿರಾ. ೧೬೮೭ರಿಂದ ಮೊಗಲರ ಸುಬಾದ ರಾಜಧಾನಿಯಾಗಿದ್ದ ಊರದು. ಮಲಿಕ್ ರೆಹಾನನ ಗೋರಿಯನ್ನೂ ಜುಮ್ಮಾ ಮಸೀದಿಯನ್ನೂ ಅವನು ನೋಡಿ ಬಲ್ಲ. ಗಂಜಾಂ ಊರನ್ನು ತುಂಬಿಸುವುದಕ್ಕಾಗಿ ಟಿಪ್ಪುವಿನ ಕಾಲದಲ್ಲಿ ಶಿರಾದಿಂದ ೧೨,೦೦೦ ಕುಟುಂಬಗಳನ್ನು ಒಯ್ದರೆಂದು ಗೆಜೆಟಿಯರಿನಲ್ಲಿ ಬರೆದಿರುವುದನ್ನು ನಾನು ಹೇಳಿದೆ. ‘ಅಷ್ಟು ಜನಕ್ಕೆ ಎಷ್ಟು ಗಾಡಿ ತಾತ?’ ಎಂದು ಅವನು ಲೆಕ್ಕ ಹಾಕಲು ಕುಳಿತ. ಆ ಲೆಕ್ಕದಿಂದ ಹುಟ್ಟಿದ್ದು ಅವನ ಗಾಡಿ. ಹತ್ತಿದಷ್ಟೂ ಜನರಿಗೆ ಅದರಲ್ಲಿ ಜಾಗವಾಗುತ್ತದೆ. ಒಂದು ಮನೆಯವರು ಹತ್ತಿದರೆ ಒಂದು ಅಂಗುಲ ಗಾಲಿ ನೆಲಕ್ಕೆ ಇಳಿಯುತ್ತದೆ. ಯಾರನ್ನು ಹತ್ತಿಸಬೇಕು, ಯಾರನ್ನು ಬಿಟ್ಟುಹೋಗಬೇಕು ಎಂದು ಹೇಳಬೇಕಾದವಳು ಹೊಡೆಯುವವಳು. ಅಂಥ ಗಾಡಿಯನ್ನು ನಾನು ಹೊಡೆಯಲಾರೆ ಎಂದು ಕಿರಿಯವಳು ಮೊದಲೇ ಹೇಳಿಬಿಟ್ಟಳು. ಕೊರಟಗೆರೆಗೆಂದು ಸಿದ್ಧರಬೆಟ್ಟದ ಸೊಪ್ಪನ್ನು ಅರೆದು ಕೀಲೆಣ್ಣೆ ಮಾಡಿಕೊಂಡ ಗಾಡಿಯೊಂದನ್ನು ಎಲ್ಲರೂ ಸೇರಿ ಕಟ್ಟಿದರು. ಅದು ಅಷ್ಟೇನೂ ರುಚಿಸಲಿಲ್ಲ.

ದೊಡ್ಡವನು ಎರಡು ದಿನ ತಡಮಾಡಿದ. ಅವನು ಆರಿಸಿದ್ದು ಪಾವಗಡ, ಬಿಸಿಲಿನ ಗಾಡಿ. ಅವನಿಗೆ ಅದು ಹೊಳೆದದ್ದು ಸಹಜ. ತಿರುಮಣಿಯ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು ೧೩,೦೦೦ ಎಕರೆಯ ಮೇಲೆ ಹರಡಿದ ಸೌರವಿದ್ಯುತ್ತಿನ ಉದ್ಯಾನವನ್ನು ಅವನಪ್ಪ ತೋರಿಸಿಕೊಂಡು ಬಂದಿದ್ದ. ೨೦೧೮ರಲ್ಲಿ ಉದ್ಘಾಟನೆಯಾಗಿ ೨೦೧೯ರ ಕೊನೆಯ ಹೊತ್ತಿಗೆ ೨,೦೫೦ ಮೆಗಾವಾಟ್‌ನಷ್ಟು ಪೂರ್ತಿಯಾದ ಕೆಲಸವದು. ಬೆಂಗಳೂರಿನಲ್ಲಿ ಈಗ ವಿದ್ಯುತ್ತಿನ ಬಸ್ಸುಗಳು ಓಡುತ್ತಿರುವಾಗ ಬಿಸಿಲಿನ ಗಾಡಿಯನ್ನು ಮಂತ್ರವೆನ್ನುವುದೇ ಕಷ್ಟ. ‘ಸೂರ್ಯನ ರಥಕ್ಕೆ ಏಳು ಕುದುರೆ, ಒಂದೇ ಗಾಲಿ. ಸಾರಥಿ ಯಾರು ಹೇಳು?’ ಎಂದೆ. ‘ಅರುಣ’ ಎಂದು ಸೋತವನಂತೆ ನಕ್ಕ. ತೊಡೆಯೇ ಇಲ್ಲದ ಅರುಣನನ್ನಾದರೂ ಸೂರ್ಯ ಮುಂದೆ ಕೂರಿಸಿಕೊಂಡಿದ್ದಾನಲ್ಲ!

ಆದರೆ ಆ ಉದ್ಯಾನದ ಬಗ್ಗೆ ಇನ್ನೊಂದನ್ನೂ ಅವನಿಗೆ ಹೇಳದೆ ಇರಲಾಗಲಿಲ್ಲ. ಮಳೆ ಬಾರದ ಸೀಮೆ. ಹೊಲವಿದ್ದವರು ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಮೊದಲಾದ ಗೇಣಿಗೆ ನೆಲ ಕೊಟ್ಟರು. ಬರದಲ್ಲಿ ಅದು ಬಿತ್ತಿದ್ದಕ್ಕಿಂತ ಮೇಲು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗೇಣಿಯಿಲ್ಲ, ಹೊಲವೂ ಇಲ್ಲ. ಬೇಲಿಯ ಸುತ್ತ ಸುತ್ತಿಕೊಂಡು ಮಂದೆ ಹೊಡೆಯಬೇಕು. ಉದ್ಯಾನ ಬೇಡವೆಂದು ನಾನು ಹೇಳುತ್ತಿಲ್ಲ. ಈ ಮಾತನ್ನು ಬರೆಯುತ್ತಿರುವುದೂ ಯಾವುದೋ ವಿದ್ಯುತ್ತಿನ ದೀಪದ ಕೆಳಗೇ. ಹುಡುಗ ಅದನ್ನು ಕೇಳಿ ಏನೂ ಹೇಳಲಿಲ್ಲ. ತನ್ನ ಗಾಡಿಯ ಹಾಳೆಯಲ್ಲಿ ‘ಮೋಡ ಬಂದರೆ ನಿಲ್ಲುತ್ತದೆ’ ಎಂದು ಬರೆದು, ಅದರ ಕೆಳಗೆ ‘ಮಂತ್ರವಾದಿ ಮೋಡವನ್ನು ಓಡಿಸಬಲ್ಲ’ ಎಂದು ಸೇರಿಸಿದ. ಹಠ ಪೂರ್ತಿ ಬಿಟ್ಟಿರಲಿಲ್ಲ ಎನ್ನಿ.

ರಜದ ಕೊನೆಯ ದಿನ ಹಳೆಯ ಕಥೆಯನ್ನೇ ಮತ್ತೆ ಆಡಿದರು. ಕಥೆ ಹೇಳುವವನು ಶಿರಾದ ಹುಡುಗ. ಸಿದ್ಧರಬೆಟ್ಟದಿಂದ ಬೇರು ಹೊರಟಿತು. ಮಧುಗಿರಿಯವರೆಗೆ ಜೇನುಗಾಡಿ ಬಂತು. ದಾರಿಯಲ್ಲಿ ಒಬ್ಬ ಬೀಡಿ ಹಚ್ಚಿದ, ಒಂದು ಹೊತ್ತು ಹಾಳಾಯಿತು. ಅಲ್ಲಿಂದ ಬಿಸಿಲಿನ ಗಾಡಿ. ಪಾವಗಡ ಇನ್ನು ಎರಡು ಹರದಾರಿ ಇದೆ ಎನ್ನುವಾಗ ಕಥೆಗಾರ ದನಿ ತಗ್ಗಿಸಿ ಹೇ‍ಳಿದ: ಮೋಡ ಕವಿಯಿತು, ಗಾಡಿ ನಿಂತಿತು. ದೊಡ್ಡವನು ಕೂಡಲೇ ‘ಮೋಡ ಓಡಿಸ್ತೀನಿ’ ಎಂದು ಕವಡೆಗೆ ಕೈ ಹಾಕಿದ. ‘ಸ್ವಲ್ಪ ತಾಳು’ ಎಂದ ಕಥೆಗಾರ. ದಾರಿಯ ಪಕ್ಕದಲ್ಲಿ ಊರಿನವರೆಲ್ಲ ನಿಂತಿದ್ದಾರೆ. ಮೂರು ವರ್ಷದಿಂದ ಮಳೆಯಿಲ್ಲ. ಎಲ್ಲರೂ ತಲೆಯೆತ್ತಿ ಅದೇ ಮೋಡವನ್ನು ನೋಡುತ್ತಿದ್ದಾರೆ. ಅತ್ತ ಮುದುಕಿಗೆ ಉಸಿರು ಕಟ್ಟುತ್ತಿದೆ.

ನಡುಮನೆ ನಿಶ್ಶಬ್ದವಾಯಿತು. ದೊಡ್ಡವನು ಕೈ ಹಿಂದಕ್ಕೆ ತೆಗೆದುಕೊಂಡು ತಂಗಿಯ ಮುಖ ನೋಡಿದ. ಗಾಡಿ ಅವಳ ಕೈಯಲ್ಲಿದ್ದದ್ದು. ಅವಳು ನನ್ನ ಮುಖ ನೋಡಿದಳು. ನಾನು ಎಲೆಯಡಿಕೆ ತಟ್ಟೆಯ ಕಡೆ ತಿರುಗಿಕೊಂಡೆ.

‘ಮೋಡ ಹಾಗೇ ಇರಲಿ’ ಎಂದಳು ಅವಳು. ‘ಎರಡು ಹರದಾರಿ ತಾನೆ. ಎಲ್ಲರೂ ಇಳೀರಿ, ನೂಕೋಣ.’

ದೊಡ್ಡವನೇ ಮೊದಲು ಇಳಿದ. ನೂಕುವುದಕ್ಕೆ ಎಷ್ಟು ಗರ ಬೀಳಬೇಕೆಂದು ಕಥೆಗಾರನನ್ನು ಕೇಳಿ, ಕವಡೆಗಳನ್ನು ಅಂಗೈಯಲ್ಲಿ ಕುಲುಕತೊಡಗಿದ.